ಗಾಲಿಗೆ ಹಚ್ಚಿದ ವಿಭೂತಿ

ಬಂದರಿನ ಮೇಲಿನ ಸಡಾ ಗುಡ್ಡದಲ್ಲಿ, ದುಡಿಯಲು ಪರರಾಜ್ಯಕ್ಕೆ ಬಂದ ಕನ್ನಡದವರ ನಮ್ಮ ಓಣಿಯಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ಅವ್ವ, "ಆಕಿ ವಿಮಾನದ ಗಾಲಿಗೆ ಸಹಿ ಮಾಡ್ತಾಳ" ಎಂದು ಹೇಳಿಬಿಡುತ್ತಾಳೆ. ನಾನು ಪೆನ್ನು ಹಿಡಿದು ಗಾಲಿಯ ಮೇಲೇ ಬರೆಯುತ್ತೇನೆಂದು ತಿಳಿದು ಅವರು, ಇಷ್ಟಕ್ಕೂ ಸಂಬಳ ಕೊಡುತ್ತಾರಲ್ಲ ಎಂಬ ಮುಖ ಮಾಡುತ್ತಾರೆ. ಅಪ್ಪ ಬಂದರಿನಲ್ಲಿ ಹಮಾಲಿ ಮಾಡಿ ಬೆನ್ನು ಸವೆಸಿಕೊಂಡವನು. ಮೈ ಬೆವರದೆ ಮಾಡಿದ್ದು ಅವನ ಪ್ರಕಾರ ಕೆಲಸವೇ ಅಲ್ಲ. ಒಮ್ಮೆ ನಾನು ಬಿಡಿಸಿ ಹೇಳಲು ಹೋದೆ. ಪಕ್ಕದ ಮನೆಯ ಅಜ್ಜಿ, ಹಾಗಾದರೆ ನೀನು ಸಹಿ ಮಾಡದಿದ್ದರೆ ವಿಮಾನ ಹಾರುವುದಿಲ್ಲವೇನು ಎಂದು ಕೇಳಿದಳು. ಹೌದು ಅಂದರೆ ಜಂಭ, ಇಲ್ಲ ಅಂದರೆ ಸುಳ್ಳು. ಅಂದಿನಿಂದ ಸುಮ್ಮನಿದ್ದೇನೆ.

ಇಲ್ಲಿ ಹೇಳಿಬಿಡುತ್ತೇನೆ. ಝುವಾರಿನಗರ ದಾಟಿ ಬಸ್ಸಿನಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಕಾರ್ಖಾನೆಗಳ ಸಾಲು ಬರುತ್ತದೆ. ಅಲ್ಲಿ ಒಂದು ದೊಡ್ಡ ಶೆಡ್ಡು. ವಿಮಾನದ ಗಾಲಿ, ಬ್ರೇಕು ದುರಸ್ತಿ ಮಾಡುವುದು ನಮ್ಮ ಕಸುಬು. ಸವೆದ ಗಾಲಿ ಬಂದರೆ ಟೈರು ಬಿಚ್ಚಿ, ಗಾಲಿಯ ಎರಡು ಹೋಳುಗಳನ್ನು ಬಿಡಿಸಿ, ತೊಳೆದು, ಕಣ್ಣಿಗೆ ಕಾಣದ ಬಿರುಕು ಇದೆಯೋ ಎಂದು ಯಂತ್ರ ಹಿಡಿದು ಹುಡುಕುತ್ತೇವೆ. ಬೇರಿಂಗು ತೊಳೆದು, ನೋಡಿ, ಹೊಸ ಗ್ರೀಸು ತುಂಬಿ, ಮತ್ತೆ ಜೋಡಿಸುತ್ತೇವೆ. ನೆಲಕ್ಕೆ ಬಿದ್ದ ಬೇರಿಂಗನ್ನು ಮಾತ್ರ ಮತ್ತೆ ಹಾಕುವಂತಿಲ್ಲ, ಒಳಗೆ ಕಣ್ಣಿಗೆ ಕಾಣದ ಪೆಟ್ಟಾಗಿರಬಹುದು. ಎಲ್ಲ ಮುಗಿದ ಮೇಲೆ ಗಾಲಿ ನನ್ನ ಮೇಜಿಗೆ ಬರುತ್ತದೆ. ಯಾರು ಏನು ಮಾಡಿದರು, ಯಾವ ಅಳತೆ ಎಷ್ಟು ಬಂತು, ಯಾವ ಡಬ್ಬಿಯ ಗ್ರೀಸು, ಎಲ್ಲ ನೋಡಿ, ಕೊನೆಗೆ ಗಾಲಿಯನ್ನೂ ನೋಡಿ, ನಾನು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತೇನೆ. ಆ ಪತ್ರ ಇಲ್ಲದಿದ್ದರೆ ಎಷ್ಟೇ ಚಲೋ ಇದ್ದರೂ ಅದು ಬರೀ ಲೋಹದ ಉಂಡೆ. ಅದನ್ನು ಯಾರೂ ವಿಮಾನಕ್ಕೆ ಹಾಕುವಂತಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಮರುಳು ಮಾಡಿದ್ದು ಗಾಲಿಯಲ್ಲ, ಈ ಪತ್ರ. ಒಮ್ಮೆ ನಮ್ಮ ದೇಶದ ಪತ್ರ, ಯುರೋಪಿನ ಪತ್ರ, ಅಮೆರಿಕದ ಪತ್ರ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮೂರರಲ್ಲೂ ಅದೇ ಚೌಕಗಳು, ಹೆಚ್ಚುಕಡಿಮೆ ಅದೇ ಸಾಲಿನಲ್ಲಿ. ಬಿಡಿಭಾಗದ ಸಂಖ್ಯೆ ಯಾವ ಚೌಕದಲ್ಲಿರಬೇಕು, ಮಾಡಿದ ಕೆಲಸ ಎಲ್ಲಿ ಬರೆಯಬೇಕು, ಸಹಿ ಎಲ್ಲಿ ಬೀಳಬೇಕು, ಎಲ್ಲ ಒಂದೇ. ನಮ್ಮ ಓಣಿಯ ನಳದ ಪಾಳಿಯ ಬಗ್ಗೆ ಅಕ್ಕಪಕ್ಕದ ನಾಲ್ಕು ಮನೆಯವರು ಒಂದು ಮಾತಿಗೆ ಬರಲಾರರು. ಇಷ್ಟು ದೇಶಗಳು ಕೂತು ಒಂದು ಚೌಕದ ಜಾಗದ ಬಗ್ಗೆ ಒಪ್ಪಿಕೊಂಡವೆಂದರೆ ಅಲ್ಲಿ ಎಷ್ಟು ಜಗಳ ಆಗಿರಬೇಕು, ಚಹಾ ಎಷ್ಟು ಸಲ ಬಂದಿರಬೇಕು ಎಂದು ನಾನು ಯೋಚಿಸುತ್ತಿದ್ದೆ. ಈಗಲೂ ಯೋಚಿಸುತ್ತೇನೆ.

ಇನ್ನೊಂದು ಸಂಗತಿ. ಪತ್ರದಲ್ಲಿ ಈ ಗಾಲಿ ಒಳ್ಳೆಯದು ಎಂದು ಎಲ್ಲೂ ಬರೆದಿಲ್ಲ. ಈ ಕೆಲಸವನ್ನು ಇಂಥ ನಿಯಮದಂತೆ ಮಾಡಲಾಗಿದೆ, ಆ ಕೆಲಸದ ಮಟ್ಟಿಗೆ ಇದು ಸೇವೆಗೆ ಸಿದ್ಧ, ಅಷ್ಟೇ. ನೋಡಿದ್ದನ್ನು ಮಾತ್ರ ನೋಡಿದೆ ಎನ್ನುವ ಈ ಸಂಕೋಚ ನನಗೆ ಬಹಳ ಹಿಡಿಸಿತು. ಕಣ್ಣಿಗೆ ಕಂಡದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಹೇಳುವ ಮನೆತನ ನಮ್ಮದು.

ನಮ್ಮ ಶೆಡ್ಡಿನಲ್ಲಿ ಬೇರಿಂಗಿನ ಮೇಜು ಕಾಕಾನದು. ವರಸೆಯಲ್ಲಿ ಅವರು ನನಗೇನೂ ಆಗಬೇಕಿಲ್ಲ, ಎಲ್ಲರೂ ಹಾಗೆ ಕರೆಯುವುದರಿಂದ ನನಗೂ ಕಾಕಾ. ಬಾಗಲಕೋಟೆ ಕಡೆಯವರು, ಲಿಂಗವಂತರು, ನಮ್ಮ ಸಡಾದಲ್ಲೇ ನಾಲ್ಕು ಓಣಿ ಮೇಲೆ ಮನೆ. ಮೊದಲು ಬಂದರಿನಲ್ಲಿದ್ದರು, ಆಮೇಲೆ ಗುತ್ತಿಗೆದಾರನ ಮೂಲಕ ಇಲ್ಲಿಗೆ ಬಂದರು. ಕಂಪನಿಯ ಬಟ್ಟೆ ತೊಟ್ಟು ಕಂಪನಿಯ ಬಾಗಿಲಲ್ಲೇ ಒಳಗೆ ಬಂದರೂ ಅವರ ಗೇಟ್ ಪಾಸಿನ ಬಣ್ಣ ಬೇರೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ನಾನು ನೋಡಿದ್ದಿಲ್ಲ. ವಯಸ್ಸಿನಲ್ಲಿ ನಾನು ಅವರ ಮಗಳಂತಿದ್ದರೂ, ನಮ್ಮ ಕಡೆ ಶಾಲೆ ಕಲಿಸುವವರನ್ನು ಕರೆಯುವಂತೆ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಒಂದು ಬೇರಿಂಗಿಗೆ ಗ್ರೀಸು ತುಂಬಿದ ಮೇಲೆ ಅದನ್ನು ಬೆಳಕಿಗೆ ಹಿಡಿದು, ಮೆಲ್ಲಗೆ ತಿರುಗಿಸಿ, ತೃಪ್ತಿಯಾದರೆ ಮಾತ್ರ ಕೆಳಗಿಡುತ್ತಿದ್ದರು. ತೃಪ್ತಿಯಾಗದಿದ್ದರೆ ಅದಕ್ಕೆ ಬೈಯುತ್ತಿದ್ದರು.

ಖಂಡೇ ಪೂಜೆ ಬಂತೆಂದರೆ ಶೆಡ್ಡಿನಲ್ಲಿ ಅರ್ಧಕ್ಕರ್ಧ ಜನ ನಮ್ಮ ಕಡೆಯವರೇ ಆದ್ದರಿಂದ ಸಂಭ್ರಮ. ಮಹಾನವಮಿಯ ದಿನ ಹತಾರಗಳಿಗೆ ಪೂಜೆ ಆಗಲೇಬೇಕು. ಮೊದಲೆಲ್ಲ ಎಲ್ಲದಕ್ಕೂ ಅರಿಸಿನ, ಕುಂಕುಮ ಏರುತ್ತಿತ್ತು. ಒಂದು ವರ್ಷ ಹಬ್ಬ ಮುಗಿದ ಕೆಲವೇ ದಿನಕ್ಕೆ ನಮ್ಮ ಕೆಲಸಕ್ಕೆ ಮನ್ನಣೆ ಕೊಡುವ ಯುರೋಪಿನ ತಪಾಸಣೆಯವರು ಬಂದರು. ನಟ್ಟು ಬಿಗಿಯುವ ಅಳತೆಯ ಪಾನಾದ ಮೇಲೆ ಕೆಂಪು ಪುಡಿ. ತಪಾಸಣೆಯವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, ಇದು ಏನು, ಯಾವ ಕೈಪಿಡಿಯ ಯಾವ ಪುಟದಲ್ಲಿ ಇದನ್ನು ಹಚ್ಚಲು ಹೇಳಿದೆ ಎಂದು ಕೇಳಿದರು. ಕುಹಕವಲ್ಲ, ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ನಮ್ಮ ವ್ಯವಸ್ಥಾಪಕರು ಆ ಪುಡಿಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಪುಟ ಇಲ್ಲ ಎಂದರೆ ತಪ್ಪು, ಇದೆ ಎಂದರೆ ಇನ್ನೂ ದೊಡ್ಡ ತಪ್ಪು.

ಅಂದಿನಿಂದ ಹೊಸ ಪದ್ಧತಿ ಬಂತು. ಪೂಜೆಗೆಂದೇ ಕೆಲವು ಹಳೆಯ ಪಾನಾಗಳು, ಮತ್ತೆ ಕೆಂಪು ಚೀಟಿ ಕಟ್ಟಿ ಕೆಲಸದಿಂದ ತೆಗೆದುಹಾಕಿದ ಒಂದು ಗಾಲಿ. ಕೆಂಪು ಚೀಟಿ ಎಂದರೆ ಅದರ ಆಯುಷ್ಯ ಮುಗಿಯಿತು, ಯಾರೂ ಮತ್ತೆ ಬಳಸಬಾರದೆಂದು ಗರಗಸ ಹಾಕಿ ಸೀಳಿಯೂ ಇರುತ್ತದೆ. ಇವನ್ನೆಲ್ಲ ಗೇಟಿನ ಹತ್ತಿರ ಒಂದು ಮೇಜಿನ ಮೇಲಿಟ್ಟು ಪೂಜೆ. ಹೂವು, ಊದಿನಕಡ್ಡಿ, ತೆಂಗಿನಕಾಯಿ ಎಲ್ಲ ಅಲ್ಲಿಗೇ ಸರಿ, ಒಳಗೆ ಏನೂ ಹೋಗುವಂತಿಲ್ಲ. ಈ ಉಪಾಯ ನನಗೆ ಭಾರಿ ಜಾಣತನದ್ದಾಗಿ ಕಂಡಿತ್ತು. ಎಲ್ಲರೂ ನಕ್ಕು ಒಪ್ಪಿಕೊಂಡರು. ಕಾಕಾ ಮಾತ್ರ ನಗಲಿಲ್ಲ. ಅವರು ಸೀಳಿದ ಗಾಲಿಯನ್ನು ನೋಡಿ ನನ್ನ ಹತ್ತಿರ ಹೇಳಿದ ಮಾತು ನೆನಪಿದೆ.

"ಸತ್ತದ್ದಕ್ಕ ಹೂ ಹಾಕಿದ್ರ ಅದು ಪೂಜಾ ಅಲ್ರಿ ಅಕ್ಕಾರ, ತಿಥಿ."

ನನಗೂ ಒಳಗೊಳಗೆ ಹೌದೆನಿಸಿತು. ದುಡಿಯುವ ಹತಾರಕ್ಕಲ್ಲವೇ ಪೂಜೆ? ಆದರೆ ಅದನ್ನು ಅಲ್ಲಿಗೇ ಬಿಟ್ಟೆ.

ಕಳೆದ ದಸರೆಯಲ್ಲಿ ನಡೆದದ್ದು ಇದು. ಮಹಾನವಮಿಯ ದಿನ ಮಧ್ಯಾಹ್ನ ಗೇಟಿನ ಹತ್ತಿರ ಪೂಜೆಯಾಗಿ, ಎಲ್ಲರೂ ಚುರುಮುರಿ, ಪೇಢೆ ತಿಂದು ಮತ್ತೆ ಕೆಲಸಕ್ಕೆ ಹೋದೆವು. ಮರುದಿನ ದಶಮಿ. ಕಂಪನಿ ರಜೆ ಕೊಟ್ಟಿರಲಿಲ್ಲ. ಹುಡುಗರು ಎಲ್ಲಿಂದಲೋ ಬನ್ನಿ ಎಲೆ ತಂದಿದ್ದರು. ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದು ಕೈಮುಗಿದು, ಬೆಳಗಿನ ಕೆಲಸ ಸುರುವಾಯಿತು. ಹಿಂದಿನ ದಿನ ನಾನೇ ಸಹಿ ಮಾಡಿದ ಗಾಲಿಗಳು ರ‍್ಯಾಕಿನಲ್ಲಿ ಸಾಲಾಗಿ ನಿಂತಿದ್ದವು. ಒಂದನ್ನು ದಾಬೋಳಿ ವಿಮಾನ ನಿಲ್ದಾಣಕ್ಕೆ ಕಳಿಸಬೇಕಿತ್ತು. ಪೆಟ್ಟಿಗೆಗೆ ಇಳಿಸುವ ಮುಂಚೆ ನಡುವಿನ ಪ್ಲಾಸ್ಟಿಕ್ ಮುಚ್ಚಳ ಸ್ವಲ್ಪ ಸೊಟ್ಟಗಿರುವಂತೆ ಕಂಡಿತು. ಸರಿಮಾಡಲು ಹೋಗಿ ತೆಗೆದೆ. ಒಳಗೆ, ಬೇರಿಂಗಿನ ಅಂಚಿನ ಗುಂಟ, ಗ್ರೀಸಿನಲ್ಲಿ ಬೂದು ಬಣ್ಣದ ಮೂರು ಗೆರೆ.

ಬೇರೆ ಯಾರಾದರೂ ಆಗಿದ್ದರೆ ಧೂಳು ಅನ್ನುತ್ತಿದ್ದರು. ಸಡಾದಲ್ಲಿ ಬಂದರಿನ ಕಲ್ಲಿದ್ದಲ ಧೂಳು ಕಿಟಕಿಯ ಮೇಲೆ ಕೂರುವುದನ್ನು ದಿನಾ ನೋಡುವ ನನಗೆ ಧೂಳು ಹೇಗಿರುತ್ತದೆಂದು ಗೊತ್ತು. ಅಪ್ಪನ ಹಣೆಯನ್ನೂ ದಿನಾ ನೋಡುತ್ತೇನೆ. ಧೂಳು ಮೂರು ಬೆರಳಿನ ಅಳತೆಯಲ್ಲಿ ಬೀಳುವುದಿಲ್ಲ.

ವಿಭೂತಿ ಎಂದರೆ ಬೂದಿ. ನಾವು ಪಾತ್ರೆ ತಿಕ್ಕುತ್ತಿದ್ದದ್ದು ಬೂದಿಯಿಂದಲೇ. ಅದು ಗ್ರೀಸಿನೊಳಗೆ ಬೆರೆತರೆ ಬೇರಿಂಗನ್ನೂ ಹಾಗೇ ತಿಕ್ಕುತ್ತದೆ. ವಿಮಾನ ನೆಲಕ್ಕಿಳಿಯುವಾಗ ಆ ಗಾಲಿಯ ಮೇಲೆ ಬೀಳುವ ಭಾರ, ಸುತ್ತುವ ವೇಗ ನೆನಪಾಯಿತು. ಅದೇ ಗಳಿಗೆಯಲ್ಲಿ, ಸುಳ್ಳೇಕೆ, ಒಂದು ಕುತೂಹಲವೂ ಹುಟ್ಟಿತು. ಈ ಗಾಲಿಯ ಪತ್ರ ಈಗ ನಿಜವೋ ಸುಳ್ಳೋ? ನಾನು ಸಹಿ ಮಾಡಿದಾಗ ಅದರಲ್ಲಿ ಬರೆದದ್ದೆಲ್ಲ ನಿಜವಿತ್ತು. ಆಮೇಲೆ ಯಾರೋ ಭಕ್ತಿಯಿಂದ ಮೂರು ಬೆರಳು ಎಳೆದರು. ಕಾಗದದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ.

ತಲೆ ಕೆರೆದುಕೊಳ್ಳುತ್ತ ನಿಲ್ಲುವ ಹೊತ್ತಲ್ಲ. ಗಾಲಿಗೆ ತಡೆಯ ಚೀಟಿ ಕಟ್ಟಿದೆ. ರ‍್ಯಾಕಿನ ಉಳಿದ ಗಾಲಿಗಳ ಮುಚ್ಚಳ ತೆಗೆದು ನೋಡಿದೆ, ಸ್ವಚ್ಛವಿದ್ದವು. ಆದರೆ ಹಿಂದಿನ ದಿನ ಪೂಜೆಯಾದ ಮೇಲೆ ಒಂದು ಗಾಲಿ ದಾಬೋಳಿಗೆ ಹೋಗಿತ್ತು, ಇಷ್ಟು ಹೊತ್ತಿಗೆ ವಿಮಾನಕ್ಕೆ ಏರಿರಬೇಕು. ಅದನ್ನು ನೋಡುವಂತಿರಲಿಲ್ಲ. ಅದಕ್ಕೂ ವಿಭೂತಿ ಹಚ್ಚಿದ್ದಾರೋ ಇಲ್ಲವೋ ಎಂದು ಹೇಳಬಲ್ಲವರು ಒಬ್ಬರೇ.

ಕಾಕಾನನ್ನು ಹಿಂದಿನ ಬಾಗಿಲ ಹೊರಗೆ ಕರೆದುಕೊಂಡು ಹೋದೆ. ನೇರ ಕೇಳಿದೆ. ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಹುಲ್ಲು ನೋಡಿದರು. ಅವರ ತಲೆಯೊಳಗೆ ಏನು ನಡೆದಿದೆ ಎಂದು ನನಗೆ ಗೊತ್ತಿತ್ತು. ಬಂದರಿನಲ್ಲಿ ಸರಕು ಕೈಜಾರಿ ಬೀಳಿಸಿದ್ದು ನಾನೇ ಎಂದು ಒಪ್ಪಿಕೊಂಡವನು ಮರುದಿನ ಒಳಗೆ ಬರುತ್ತಿರಲಿಲ್ಲ. ಅಪ್ಪನೂ ಇದೇ ಪಾಠ ಕಲಿತವನು. ಯಾರು ಮಾಡಿದ್ದು ಎಂದರೆ ಎಲ್ಲರೂ ಆಕಾಶ ನೋಡಬೇಕು, ಅಷ್ಟೇ.

ನಾನು ಗೋಡೆಯ ಮೇಲಿನ ಫಲಕದ ವಿಷಯ ಹೇಳಿದೆ. ತಾನಾಗಿ ಹೇಳಿಕೊಂಡ ತಪ್ಪಿಗೆ ಶಿಕ್ಷೆ ಇಲ್ಲ ಎಂದು ಅಲ್ಲಿ ಇಂಗ್ಲಿಷು, ಹಿಂದಿ ಎರಡರಲ್ಲೂ ಬರೆದಿದೆ. ಅದು ನಮ್ಮ ಕಂಪನಿಯ ಔದಾರ್ಯವಲ್ಲ, ವಿಮಾನದ ಕೆಲಸ ಮಾಡುವವರೆಲ್ಲ ಒಪ್ಪಿಕೊಂಡ ನಿಯಮ. ಶಿಕ್ಷೆಗೆ ಹೆದರಿ ಜನ ಮುಚ್ಚಿಟ್ಟರೆ ವಿಮಾನ ಬೀಳುತ್ತದೆ ಎಂದು ಲೋಕಕ್ಕೇ ಅರ್ಥವಾಗಿ ಮಾಡಿದ್ದು. ಬೇಕೆಂದೇ ಮಾಡಿದ ಕೇಡಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಹೀಗೆ ಹೇಳುವಾಗ ನನಗೆ ಆ ನಿಯಮದ ಮೇಲೆ ಪೂರ್ತಿ ನಂಬಿಕೆ ಇತ್ತು. ಅದೂ ಚೌಕಗಳ ಹಾಗೆ ಎಲ್ಲರೂ ಒಪ್ಪಿದ್ದಲ್ಲವೇ.

ಕಾಕಾ ಕೇಳಿದ್ದು ಒಂದೇ. "ಆ ವಿಮಾನದಾಗ ಮಂದಿ ಕುಂತಾರೇನ್ರಿ?"

ಕುಳಿತಿರಬಹುದು ಎಂದೆ.

"ಎರಡಕ್ಕೂ ಹಚ್ಚೇನ್ರಿ. ನಿನ್ನಿ ಹೋತಲ್ಲ, ಅದಕ್ಕ ಮೊದ್ಲ ಹಚ್ಚಿದ್ದು. ಚಲೋ ಆಗ್ಲಿ ಅಂತ ಹಚ್ಚಿದ್ದು."

ಆಮೇಲೆ ನಡೆದದ್ದನ್ನು ನಾನು ಇಂದಿಗೂ ಬೆರಗಿನಿಂದ ನೆನೆಯುತ್ತೇನೆ. ನನ್ನ ಕೈಯಲ್ಲಿದ್ದದ್ದು ಪತ್ರದ ಒಂದು ಸಂಖ್ಯೆ. ಅದನ್ನು ಹೇಳಿದ ಕೂಡಲೆ ದಾಬೋಳಿಯವರು ಆ ಗಾಲಿಯನ್ನು ಯಾವ ವಿಮಾನಕ್ಕೆ, ಯಾವ ಬದಿಗೆ ಹಾಕಿದ್ದೇವೆಂದು ಹೇಳಿದರು. ವಿಮಾನ ಯುರೋಪಿನ ಯಾವುದೋ ಕಂಪನಿಯಿಂದ ಬಾಡಿಗೆಗೆ ತಂದದ್ದು. ಆ ಮಾಲೀಕರಿಗಾಗಿಯೇ ನಾವು ನಮ್ಮ ದೇಶದ್ದು, ಯುರೋಪಿನದು, ಎರಡೂ ಕಡೆಯ ಮನ್ನಣೆಯ ಪತ್ರ ಕೊಟ್ಟಿದ್ದೆವು. ಅದು ಅಷ್ಟರಲ್ಲಿ ಮಸ್ಕತ್ತಿನಲ್ಲಿ ಇಳಿದು, ಜನರನ್ನು ಇಳಿಸಿ, ಮರುಪ್ರಯಾಣಕ್ಕೆ ಸಿದ್ಧವಾಗುತ್ತಿತ್ತು. ನಾನು ನನ್ನ ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಕಳಿಸಿದೆ. ನನ್ನ ಹೆಸರು ಕೇಳಿರದ, ನಾನು ಮುಖ ನೋಡಿರದ ಅಲ್ಲಿನ ಮೆಕ್ಯಾನಿಕ್ ಒಬ್ಬ ಆ ಗಾಲಿಯನ್ನು ಬಿಚ್ಚಿ ಬೇರೆ ಹಾಕಿದ. ವಿಮಾನ ತಡವಾಗಿ ಹೊರಟಿತು. ಆ ಜನರಿಗೆ ಏಕೆ ತಡ ಎಂದು ಯಾರೂ ಹೇಳಿರಲಿಕ್ಕಿಲ್ಲ. ಸುಮ್ಮನೆ ಗೊಣಗಿಕೊಂಡಿರಬೇಕು.

ನಮ್ಮ ಓಣಿಯಲ್ಲಿ ಕಳೆದ ಕೊಡ ಒಂದು ವಾರವಾದರೂ ಸಿಗುವುದಿಲ್ಲ. ಸಮುದ್ರದಾಚೆ ಹೋದ ಗಾಲಿ ಅರ್ಧ ದಿನದಲ್ಲಿ ಸಿಕ್ಕಿತು. ಈ ಕಾಗದ ಏತಕ್ಕೆ ಎನ್ನುವ ನನ್ನ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ. ಮಸ್ಕತ್ತಿನಿಂದ ವಾಪಸು ಬಂದ ಗಾಲಿಯನ್ನು ಬಿಚ್ಚಿದಾಗ ಒಳಗಿನ ಗ್ರೀಸು ಬೂದುಬಣ್ಣಕ್ಕೆ ತಿರುಗಿತ್ತು, ಬೇರಿಂಗಿನ ಉರುಳೆಗಳ ಮೇಲೆ ಸಣ್ಣ ಗೀರುಗಳಿದ್ದವು. ಇನ್ನೂ ಕೆಲವು ಸಲ ಇಳಿದಿದ್ದರೆ ಏನಾಗುತ್ತಿತ್ತೋ. ಅದನ್ನು ನಾನು ಕಾಕಾಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಊಟಕ್ಕೆ ಬರಲಿಲ್ಲ.

ನಡೆದದ್ದನ್ನು ನಡೆದ ಹಾಗೆ ವರದಿ ಬರೆದೆ. ಸೀಳಿದ ಗಾಲಿಗೆ ಪೂಜೆ ಎಂಬ ನಮ್ಮ ಉಪಾಯವೇ ಇದಕ್ಕೆ ದಾರಿಮಾಡಿತು, ಆ ಪದ್ಧತಿ ಮಾಡುವಾಗ ಪೂಜೆ ಮಾಡುವವರನ್ನು ಯಾರೂ ಕೇಳಲಿಲ್ಲ ಎಂದೂ ಸೇರಿಸಿದೆ. ಸಭೆಯಲ್ಲಿ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಕಾಕಾ ತಾವಾಗಿ ಹೇಳಿದ್ದನ್ನು ವ್ಯವಸ್ಥಾಪಕರು ಹೊಗಳಿದರು. ನನಗೆ ಹೆಮ್ಮೆಯೇ ಆಯಿತು. ಆ ವಾರ ಮುಗಿದು ಸೋಮವಾರ ಬೆಳಿಗ್ಗೆ ನೋಡಿದರೆ ಬೇರಿಂಗಿನ ಮೇಜಿನಲ್ಲಿ ಬೇರೆ ಮನುಷ್ಯ.

ಗುತ್ತಿಗೆದಾರ ಕಾಕಾನ ಗೇಟ್ ಪಾಸು ಹೊಸದು ಮಾಡಿಸಿರಲಿಲ್ಲ. ವ್ಯವಸ್ಥಾಪಕರ ಕೋಣೆಗೆ ಹೋದೆ. ನಾವು ಶಿಕ್ಷೆ ಕೊಟ್ಟಿಲ್ಲವಲ್ಲ, ಯಾರನ್ನು ಕಳಿಸುವುದು ಬಿಡುವುದು ಗುತ್ತಿಗೆದಾರನಿಗೆ ಸೇರಿದ್ದು ಎಂದರು. ಗುತ್ತಿಗೆದಾರನಿಗೆ ಫೋನು ಮಾಡಿದೆ. ಬೇರೆಯವರನ್ನು ಕಳಿಸು ಅಂತ ಕಂಪನಿಯವರೇ ಹೇಳಿದರು ಮೇಡಂ ಎಂದ. ಇಬ್ಬರ ನಡುವೆ ಮನುಷ್ಯ ಮಾಯ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ವ್ಯವಸ್ಥಾಪಕರ ಮುಂದೆ ಹೋಗಿ, ಇನ್ನು ಈ ಶೆಡ್ಡಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ನಾನು ಸಹಿ ಮಾಡುವ ಗಾಲಿಯೊಳಗೆ ಏನಿದೆ ಎಂದು ನನಗೆ ಹೇಳುವವರು ಯಾರು ಎಂದು ಜೋರಾಗಿಯೇ ಕೇಳಿದೆ. ಅವರು ನೀರು ಕುಡಿಯಿರಿ ಎಂದರು.

ಸಂಜೆ ಕಾಕಾನ ಮನೆಗೆ ಹೋದೆ. ಕಾಕಾನ ಹೆಂಡತಿ ಚಿಗವ್ವ ಚಹಾ ತಂದು ನನ್ನ ಮುಂದಿಟ್ಟು ಒಳಗೆ ಹೋಗಿಬಿಟ್ಟಳು. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಕಾಕಾ ಮಾತ್ರ ನನ್ನನ್ನೇ ಸಮಾಧಾನ ಮಾಡಿದರು. ನೀವು ನಿಜವನ್ನೇ ಬರೆದಿರಿ, ನಾನು ನಿಜವನ್ನೇ ಹೇಳಿದೆ, ಮುಂದಿನದು ನಮ್ಮ ಕೈಯಲ್ಲಿಲ್ಲ ಎಂದರು. ಬಂದರಿನ ಕಡೆ ಏನಾದರೂ ಸಿಗುತ್ತದೋ ನೋಡುತ್ತಿದ್ದರು. ಆ ವಯಸ್ಸಿನವರನ್ನು ಅಲ್ಲಿ ಯಾರು ತೆಗೆದುಕೊಳ್ಳುತ್ತಾರೆ? ನಾನು ಗುಡ್ಡ ಇಳಿದು ಮನೆಗೆ ಬಂದೆ. ನಿಯಮ ಸುಳ್ಳೋ, ಅಥವಾ ಅದು ಬಣ್ಣ ಬೇರೆಯಾದ ಗೇಟ್ ಪಾಸಿನವರೆಗೆ ಬರುವುದಿಲ್ಲವೋ? ಈ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನಿಯಮದ ಪುಸ್ತಕ ತೆಗೆದು ಓದಿದೆ. ಅದರಲ್ಲಿ ಖಾಯಂ ನೌಕರ ಎಂಬ ಮಾತೂ ಇರಲಿಲ್ಲ, ಗುತ್ತಿಗೆಯವರು ಎಂಬ ಮಾತೂ ಸರಿಯಾಗಿ ಸಿಗಲಿಲ್ಲ. ಇದ್ದದ್ದು ಜನ ಎಂಬ ಪದ. ಅದನ್ನು ಹೇಗೆ ಬೇಕಾದರೂ ಓದಿಕೊಳ್ಳಬಹುದಿತ್ತು.

ಹಾಗೇ ಚಳಿಗಾಲ ಬಂತು, ಅದರ ಜೊತೆ ಯುರೋಪಿನ ತಪಾಸಣೆಯವರು ಬಂದರು. ಕುಂಕುಮ ಮುಟ್ಟಿ ನೋಡಿದ ಅದೇ ಮನುಷ್ಯ. ಕಡಿಮೆ ಮಾತು, ಬಾಯಲ್ಲಿ ಸದಾ ಒಂದೇ ವಾಕ್ಯ: ತೋರಿಸಿ. ವರದಿಗಳ ಕಡತ ನೋಡುತ್ತ ನೋಡುತ್ತ ವಿಭೂತಿಯ ವರದಿಗೆ ಬಂದು ನಿಂತರು. ಎರಡು ಸಲ ಓದಿದರು. ನಗಲಿಲ್ಲ. ಬೂದಿಯನ್ನು ಏತರಿಂದ ಮಾಡುತ್ತಾರೆ, ಮೂರೇ ಗೆರೆ ಏಕೆ ಎಂದು ನನ್ನನ್ನು ಕೇಳಿದರು. ಸಗಣಿಯ ವಿಷಯ ಹೇಳಿದೆ. ಮೂರು ಗೆರೆಯದು ನನಗೂ ಪೂರ್ತಿ ಗೊತ್ತಿಲ್ಲ ಎಂದೆ. ಆಮೇಲೆ ಅವರು, ಈ ಮನುಷ್ಯನ ಜೊತೆ ಮಾತಾಡಬೇಕು ಎಂದರು.

ಅವರು ಈಗ ಇಲ್ಲಿ ಇಲ್ಲ ಎಂದರು ವ್ಯವಸ್ಥಾಪಕರು. ಎಲ್ಲಿದ್ದಾರೆ ಎಂದರು ಇವರು. ನಾನು ಸಡಾದಲ್ಲಿದ್ದಾರೆ, ದೂರವಿಲ್ಲ ಎಂದೆ. ಕಂಪನಿಯ ಕಾರು ಹೋಯಿತು.

ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಹಣೆಯ ಮೇಲೆ ವಿಭೂತಿ ಹಾಗೇ ಇತ್ತು. ಯಾಕೋ ನನಗೆ ಅದು ಕಂಡು ಧೈರ್ಯ ಬಂತು. ವ್ಯವಸ್ಥಾಪಕರು ತಾವೇ ಹಿಂದಿಯಲ್ಲಿ ಕೇಳಿ ಇಂಗ್ಲಿಷಿಗೆ ತಿರುಗಿಸುತ್ತೇನೆ ಎಂದು ಮುಂದಾದರು. ಕಾಕಾಗೆ ಕೆಲಸದ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವರು, ನಾನು ಕನ್ನಡದಲ್ಲೇ ಮಾತಾಡುತ್ತೇನೆ, ಅಕ್ಕಾರ ಹೇಳಲಿ ಎಂದು ಪಟ್ಟುಹಿಡಿದರು. ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಬಲ್ಲವರು ಯಾರೂ ಇರಲಿಲ್ಲ.

ಏನಾಯಿತು, ಹೇಗಾಯಿತು ಎಂದೆಲ್ಲ ಕೇಳಿ ಮುಗಿಸಿ, ಆ ಮನುಷ್ಯ ಕೊನೆಗೆ ಒಂದು ಪ್ರಶ್ನೆ ಕೇಳಿದರು. ನಾಳೆ ನಿಮ್ಮಿಂದ ಇನ್ನೊಂದು ತಪ್ಪಾಯಿತು ಅನ್ನಿ. ಬಂದು ಹೇಳುತ್ತೀರಾ? ನಾನು ಕನ್ನಡದಲ್ಲಿ ಕೇಳಿದೆ. ಕಾಕಾ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು.

"ಹೇಳಂಗಿಲ್ರಿ."

ಮುಂದೆ ಏನಾದರೂ ಸೇರಿಸುತ್ತಾರೇನೋ ಎಂದು ಕಾದೆ. ಸೇರಿಸಿದರು.

"ಗಾಲಿ ಸಮುದ್ರ ದಾಟಿ ಹೋಗಿತ್ತು, ಅದನ್ನ ಹುಡುಕಿ ತಂದ್ರಿ. ನಾ ಇಲ್ಲೇ ಸಡಾದಾಗ ಕುಂತಿದ್ದೆ. ಈ ಅಕ್ಕಾರನ್ನ ಬಿಟ್ರ ನನ್ನ ಹುಡುಕ್ಕೊಂಡು ಯಾರೂ ಬರ್ಲಿಲ್ಲ. ಇನ್ನ ಯಾಕ ಹೇಳಲಿ?"

ವ್ಯವಸ್ಥಾಪಕರು ನನ್ನ ಕಡೆ ನೋಡಿದರು. ಅವರಿಗೆ ಮಾತು ತಿಳಿಯದಿದ್ದರೂ ದನಿ ತಿಳಿದಿತ್ತು. ಇನ್ನು ಮುಂದೆ ಎಚ್ಚರಿಕೆಯಿಂದ ಇರುತ್ತಾರಂತೆ ಎಂದು ನಾನು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಪಾಸಣೆ ಸರಾಗವಾಗಿ ಮುಗಿದು ಕಂಪನಿಯ ಮನ್ನಣೆ ಉಳಿಯುತ್ತಿತ್ತು, ನನ್ನ ನೌಕರಿಯೂ. ನನಗೆ ಭಯವಾಯಿತು. ಆದರೂ ಕಾಕಾ ಆಡಿದ್ದನ್ನು ಆಡಿದ ಕ್ರಮದಲ್ಲೇ, ಒಂದು ಮಾತು ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ತಪಾಸಣೆಯವರು ಬರೆದುಕೊಂಡರು. ಬಹಳ ಹೊತ್ತು ಬರೆದುಕೊಂಡರು.

ಅವರು ಬಿಟ್ಟುಹೋದ ಆಕ್ಷೇಪಣೆಯಲ್ಲಿ ಗಾಲಿಯ ಬಗ್ಗೆ, ಬೂದಿಯ ಬಗ್ಗೆ ಏನೂ ಇರಲಿಲ್ಲ. ತಪ್ಪು ಹೇಳಿಕೊಂಡವರಿಗೆ ರಕ್ಷಣೆ ಎಂಬ ನಿಯಮ ಈ ಕಾರ್ಖಾನೆಯಲ್ಲಿ ಎಲ್ಲ ಕೆಲಸಗಾರರಿಗೂ ಸಿಕ್ಕುತ್ತಿಲ್ಲ, ಅದನ್ನು ಸರಿಪಡಿಸಿ ಪುರಾವೆ ತೋರಿಸುವವರೆಗೆ ಈ ಆಕ್ಷೇಪಣೆ ಮುಚ್ಚುವುದಿಲ್ಲ ಎಂದಿತ್ತು. ಆಕ್ಷೇಪಣೆ ಮುಚ್ಚದಿದ್ದರೆ ಯುರೋಪಿನ ಮನ್ನಣೆ ಹೋಗುತ್ತದೆ, ಅದು ಹೋದರೆ ಅರ್ಧ ಗಿರಾಕಿಗಳು ಹೋಗುತ್ತಾರೆ. ನನ್ನ ಜೊತೆ ವ್ಯವಸ್ಥಾಪಕರು ಹಲವು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಗುತ್ತಿಗೆಯ ಕರಾರು ಹೊಸದಾಗಿ ಬರೆಸಿದರು. ಕಾಕಾ ಮತ್ತೆ ಬೇರಿಂಗಿನ ಮೇಜಿಗೆ ಬಂದರು. ಬಂದ ದಿನ ನನ್ನ ಜೊತೆ ಹೆಚ್ಚು ಮಾತಿಲ್ಲ. ಅವರಿಗೆ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ ಎಂದು ಕಾಣುತ್ತದೆ. ನಂಬಿ ಎಂದು ಕೇಳುವ ಬಾಯಿ ನನಗೂ ಇರಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಂದು ಮಧ್ಯಾಹ್ನ. ಊಟದ ಹೊತ್ತು, ಶೆಡ್ಡು ಖಾಲಿ. ನಾನು ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಕಾಕಾ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಬಟ್ಟೆಯ ಮೇಲೆ ಒಂದು ಬೇರಿಂಗು. ತೊಳೆದು, ಗ್ರೀಸು ತುಂಬಿದ್ದು, ಎಲ್ಲಿಂದ ನೋಡಿದರೂ ಹೊಸದರಂತಿತ್ತು. ತಿರುಗಿಸಿ ನೋಡಿದೆ, ಸಲೀಸಾಗಿ ತಿರುಗಿತು. ಏನಾಗಿದೆ ಇದಕ್ಕೆ ಎಂದು ಕೇಳಿದೆ.

"ಕೈಜಾರಿ ನೆಲಕ್ಕ ಬಿತ್ರಿ" ಎಂದರು. "ಯಾರೂ ನೋಡಿಲ್ಲ."

ನಾನು ರೊಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಆ ಬೇರಿಂಗಿಗೆ ಕೆಂಪು ಚೀಟಿ ಕಟ್ಟಿದೆ. ಕಾಕಾ ಅಲ್ಲೇ ನಿಂತು, ನಾನು ಗಂಟು ಹಾಕುವುದನ್ನು ನೋಡಿದರು. ಆಮೇಲೆ ಊಟಕ್ಕೆ ಹೋದರು.